ಜಡ್ಜಣ್ಣ ಕೊಟ್ಟ ಮರಣದಂಡನೆ

ಜಡ್ಜಣ್ಣ ತೀರಿಕೊಂಡ ಮೇಲೆ ಶೆಡ್ಡಿನವರು ಅವರ ಫೋಟೋಗೆ ಕಟ್ಟು ಹಾಕಿಸಿ ಊಟದ ಬೆಂಚಿನ ಮೇಲಿನ ಗೋಡೆಗೆ ತೂಗುಹಾಕಿದ್ದಾರೆ. ಕೆಳಗೆ ಕೆಂಪು ಬಣ್ಣದಲ್ಲಿ 'ನ್ಯಾಯವಂತ' ಅಂತ ಬರೆದಿದೆ. ಬರೆದವನು ನನ್ನ ಬಾಮೈದ, ಬಸ್ಸುಗಳಿಗೆ ಬಣ್ಣ ಹೊಡೆಯುವವನು. ಅಕ್ಷರ ದುಂಡಗಿದೆ, ಒಂದು ಹನಿಯೂ ಕೆಳಗಿಳಿದಿಲ್ಲ. ಅಕ್ಷರದ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಆ ಮಾತಿನ ಬಗ್ಗೆ. ಅವರ ಜೀವನ ಹೇಗಿತ್ತು ಅಂತ ಈಗ ಎಲ್ಲರೂ ಹೇಳುತ್ತಿದ್ದಾರೆ. ನನ್ನಷ್ಟು ಹತ್ತಿರದಿಂದ ಕಂಡವರು ಅವರಲ್ಲಿ ಯಾರೂ ಇಲ್ಲ, ಅದಕ್ಕೇ ನಾನೂ ಹೇಳುತ್ತೇನೆ.

ನಮ್ಮದು ಬಸ್ಸಿನ ಬಾಡಿ ಕಟ್ಟುವ ಶೆಡ್ಡು. ಎಂಜಿನ್ನು, ಚಕ್ರ ಬಿಟ್ಟರೆ ಏನೂ ಇಲ್ಲದ ಬರಿ ಚಾಸಿ ಬಂದು ನಿಲ್ಲುತ್ತದೆ. ವೆಲ್ಡರು ಅದರ ಮೇಲೆ ಕಬ್ಬಿಣದ ಎಲುಬು ನಿಲ್ಲಿಸುತ್ತಾನೆ. ಅದಕ್ಕೆ ತಗಡಿನ ಚರ್ಮ ಹೊದಿಸುವವನು ನಾನು. ಬಾಮೈದ ಬಣ್ಣ ಹೊಡೆಯುತ್ತಾನೆ. ಎಲ್ಲ ಮುಗಿದ ಮೇಲೆ ಸೀಟು. ಸೀಟು ಹೊಲಿಯುವವರು ಜಡ್ಜಣ್ಣ. ಶೆಡ್ಡಿನ ಮೂಲೆಯಲ್ಲಿ, ಫೋಮಿನ ರಾಶಿಗೆ ಬೆನ್ನು ಕೊಟ್ಟು, ಡೊಂಕು ದಬ್ಬಳ ಹಿಡಿದು ಕೂತಿರುತ್ತಿದ್ದರು. ತೆಳ್ಳನೆಯ ಆಳು. ಕನ್ನಡಕದ ಒಂದು ಕಡ್ಡಿ ಮುರಿದು, ಅಲ್ಲಿಗೆ ಸೀಟಿನ ದಾರವನ್ನೇ ಕಟ್ಟಿಕೊಂಡಿದ್ದರು. ಹೊಲಿದು ಉಳಿದ ರೆಕ್ಸಿನ್ ತುಂಡುಗಳನ್ನು ಎಸೆಯಲು ಬಿಡುತ್ತಿರಲಿಲ್ಲ. ಅದರಲ್ಲೇ ನಮಗೆಲ್ಲ ಏಪ್ರನ್ ಹೊಲಿದುಕೊಟ್ಟಿದ್ದರು, ಒಬ್ಬೊಬ್ಬನಿಗೆ ಒಂದೊಂದು ಬಣ್ಣ. ವೆಲ್ಡರನದು ಕಂದು, ಬಾಮೈದನದು ನೀಲಿ, ನನ್ನದು ಕಡು ಹಸಿರು. ತಗಡಿನ ಅಂಚು ಹೊಟ್ಟೆಗೆ ತಾಗುತ್ತದೆ ಅಂತ ನನ್ನದಕ್ಕೆ ಎದುರುಗಡೆ ಎರಡು ಪದರ ಕೊಟ್ಟಿದ್ದರು. ನಾನು ಕೇಳಿರಲಿಲ್ಲ, ಅವರೇ ನೋಡಿಕೊಂಡು ಮಾಡಿದ್ದು. ನನ್ನನ್ನು ಹೆತ್ತ ಅಪ್ಪ ನನ್ನ ಹೊಟ್ಟೆಯ ಬಗ್ಗೆ ಅಷ್ಟು ಯೋಚನೆ ಮಾಡಿದವನಲ್ಲ.

ಜಡ್ಜು ಅನ್ನೋ ಹೆಸರು ಬಂದದ್ದು ಊಟದ ಹೊತ್ತಿನ ಕೋರ್ಟಿನಿಂದ. ಕೈತೊಳೆದು ಡಬ್ಬಿ ಮುಚ್ಚಿದ ಮೇಲೆ ಉಳಿದ ಹೊತ್ತಿನಲ್ಲಿ ಕೋರ್ಟು ಕೂರುತ್ತಿತ್ತು. ಗ್ರೈಂಡರ್ ಆರಿಸದೆ ಹೋದವನು, ಇನ್ನೊಬ್ಬನ ಸುತ್ತಿಗೆ ಎತ್ತಿಕೊಂಡವನು, ಬಣ್ಣದ ಡಬ್ಬದ ಮುಚ್ಚಳ ತೆರೆದಿಟ್ಟು ಕೆನೆ ಕಟ್ಟಿಸಿದವನು, ಎಲ್ಲರೂ ಅಲ್ಲಿ ಆರೋಪಿಗಳು.

"ಡಬ್ಬದ ಮುಚ್ಚಳ ಯಾರು ಮುಚ್ಚಿಲ್ಲ?" ಅಂತ ಜಡ್ಜಣ್ಣ ಕೇಳಿದರೆ ನನ್ನ ಬಾಮೈದ, "ಮುಚ್ಚಳಕ್ಕೇ ಬುದ್ಧಿ ಇಲ್ಲ ಜಡ್ಜಣ್ಣ" ಅನ್ನುತ್ತಿದ್ದ.

"ಕುಂಬಳಕಾಯಿ ಕಳ್ಳ ಅಂದಿದ್ದಷ್ಟೇ, ನೋಡ್ರಪ್ಪ, ಹೆಗಲು ಮುಟ್ಟಿ ನೋಡ್ಕೊಂಡ" ಅಂತ ಜಡ್ಜಣ್ಣ. ನಗು. ಎಲ್ಲರಿಗೂ ಟೀ ಅವನ ಲೆಕ್ಕದಲ್ಲಿ.

ಸಣ್ಣ ತಪ್ಪಿಗೆ ಟೀ. ಸ್ವಲ್ಪ ದೊಡ್ಡದಕ್ಕೆ ಜೀವಾವಧಿ, ಅಂದರೆ ಶನಿವಾರದ ತನಕ ಶೆಡ್ಡು ಗುಡಿಸುವುದು. ಅದಕ್ಕೂ ಮೇಲಿನದು ಮರಣದಂಡನೆ. ಬಾಗಿಲ ಪಕ್ಕ ಸಾಲಾಗಿ ಮೊಳೆಗಳಿವೆ, ಏಪ್ರನ್ ತೂಗುಹಾಕಲು. ಆ ಸಾಲಿಗಿಂತ ಎತ್ತರದಲ್ಲಿ ಒಂಟಿ ಮೊಳೆ ಒಂದಿದೆ. ಶಿಕ್ಷೆಯಾದವನ ಏಪ್ರನ್ ಅಲ್ಲಿಗೆ ಏರಬೇಕು. ಅದು ಅಲ್ಲಿರುವವರೆಗೆ ಅವನು ಸತ್ತ ಲೆಕ್ಕ. ಯಾರೂ ಅವನ ಜೊತೆ ಮಾತಾಡುವ ಹಾಗಿಲ್ಲ, ಊಟಕ್ಕೆ ಬೆಂಚಿನಲ್ಲಿ ಜಾಗವಿಲ್ಲ, ತಗಡಿನ ಇನ್ನೊಂದು ತುದಿ ಹಿಡಿಯಲು ಯಾರೂ ಬರುವುದಿಲ್ಲ.

ಇದಕ್ಕೆ ಜಡ್ಜಣ್ಣ ಬಿಗಿಯಾದ ಕಾನೂನು ಮಾಡಿದ್ದರು. ಶಿಕ್ಷೆ ಹೇಳುವ ಮುಂಚೆ, "ನಿಂಗೇನಾದ್ರೂ ಹೇಳೋದಿದ್ಯಾ?" ಅಂತ ಕೇಳಲೇಬೇಕು. ಹೇಳಿದ ದಿನವೇ ಏಪ್ರನ್ ಏರಿಸಬಾರದು, ಒಂದು ರಾತ್ರಿ ಕಳೆಯಬೇಕು. ಮರುದಿನ ಏರಿಸುವ ಹೊತ್ತಿಗೆ, "ಕ್ಷಮಾದಾನ ಯಾರಾದ್ರೂ ಕೇಳ್ತೀರಾ?" ಅನ್ನಬೇಕು. ಒಂದು ಕೈ ಮೇಲೆದ್ದರೆ ಸಾಕು, ಅವನು ಉಳಿದ. ಯಾವನ ಕೈಯಾದರೂ ಆದೀತು, ಜಡ್ಜಿನದು ಮಾತ್ರ ನಡೆಯದು.

ಕೈ ಏಳದ ದಿನವೇ ಇರಲಿಲ್ಲ. ಬೈದುಕೊಂಡವನೇ ಮರುದಿನ ಹಲ್ಲುಕಿರಿದು ಕೈ ಎತ್ತುತ್ತಿದ್ದ. ಆ ಎತ್ತರದ ಮೊಳೆ ಧೂಳು ಹಿಡಿದುಕೊಂಡೇ ಇತ್ತು.

ಒಮ್ಮೆ ನಾನು ಯಾರನ್ನೋ, "ಇವನನ್ನ ಗಲ್ಲಿಗೆ ಹಾಕಿ" ಅಂದೆ. ನನಗೆ ಕೋಪ ಮೂಗಿನ ತುದಿಯಲ್ಲೇ. ಜಡ್ಜಣ್ಣ ದಬ್ಬಳ ಕೆಳಗಿಟ್ಟರು. "ಗಲ್ಲು ಅನ್ನಬೇಡ. ಅದು ಹಗ್ಗದ ಕೆಲಸ. ಇಲ್ಲಿ ಮರಣದಂಡನೆ ಅನ್ನು."

"ಎರಡೂ ಒಂದೇ ಅಲ್ವಾ? ಸಾಯೋನಿಗೆ ಏನು ವ್ಯತ್ಯಾಸ?"

"ಸಾಯೋನಿಗಲ್ಲ ಮಾರಾಯ, ವ್ಯತ್ಯಾಸ ಇರೋದು ಉಳಿದೋರಿಗೆ."

ಅದರ ಅರ್ಥ ಅವರು ನನಗೆ ಆಮೇಲೆ ಹೇಳಿದರು, ನನಗೊಬ್ಬನಿಗೇ. ಬಸ್ಸೊಂದರ ಒಳಗೆ ನಾನು ಚಾವಣಿಗೆ ರಿವೆಟ್ ಹೊಡೆಯುತ್ತಿದ್ದೆ, ಅವರು ಸೀಟು ಕೂರಿಸುತ್ತಿದ್ದರು. ಸುತ್ತಿಗೆ ನಿಂತಾಗ, ಕೇಳದೇ ಹೇಳಿದರು. ವಯಸ್ಸಿನಲ್ಲಿ ಅವರು ಜೈಲಿನ ವಾರ್ಡರ್ ಆಗಿದ್ದರಂತೆ. ಮರಣದಂಡನೆಯಾದವನ ಕೋಣೆಯ ಹೊರಗೆ ಸ್ಟೂಲು ಹಾಕಿಕೊಂಡು ಕೂರುವ ಕೆಲಸ. ತೀರ್ಪಾದ ಕೂಡಲೇ ಕೊಲ್ಲುವುದಿಲ್ಲ. ಮೇಲಿನ ಕೋರ್ಟು ನೋಡಬೇಕು, ಅದರ ಮೇಲಿನದು ನೋಡಬೇಕು, ಆಮೇಲೆ ದೊಡ್ಡವರ ಮುಂದೆ ಕ್ಷಮೆಯ ಅರ್ಜಿ. ಅಷ್ಟು ಕಾಲ ಸರಳಿನ ಆಚೆ ಅವನು, ಈಚೆ ಇವರು. ಸರಳಿನ ಸಂದಿಯಲ್ಲಿ ಇಸ್ಪೀಟು ಆಡುತ್ತಿದ್ದರಂತೆ.

"ಒಂದಿನ ಎಲೆ ಹಂಚ್ತಾ ಕೇಳ್ದ: 'ಯಜಮಾನ್ರೇ, ನನ್ನ ಕೊಲ್ಲೋರು ಯಾರು?' ನಾನು ಜಡ್ಜು ಅಂದೆ. ಅವನಂದ, 'ಜಡ್ಜು ನನ್ನ ಮುಖ ನೋಡಿ, ಕಾನೂನು ಹೀಗಿದೆ, ನನ್ನದೇನಿಲ್ಲ ಅಂದ್ರು.' ಹಾಗಾದ್ರೆ ಸೂಪರಿಂಟೆಂಡೆಂಟು ಅಂದೆ. 'ಅವ್ರು ಆರ್ಡರ್ ಬಂದ್ರೆ ಮಾಡ್ಬೇಕು ಅಂತಾರೆ.' ಹಗ್ಗ ಎಳೆಯೋನು ಅಂದೆ. 'ಅವನಿಗೆ ನನ್ನ ಹೆಸರೇ ಗೊತ್ತಿಲ್ಲ, ಪಾಪ' ಅಂದ. ಆಮೇಲೆ ನನ್ನನ್ನೇ ನೋಡ್ದ. ನಾನು ಎಲೆ ನೋಡ್ದೆ."

"ಆಮೇಲೆ?"

"ಆಮೇಲೇನು, ಆದದ್ದು ಆಯ್ತು. ನನಗೆ ಆವತ್ತು ತಿಳೀತು ಆ ಪದ ಯಾಕಿದೆ ಅಂತ. ಕೊಂದ್ರು ಅಂದ್ರೆ ಯಾರು ಅಂತ ಕೇಳ್ತಾರೆ. ಮರಣದಂಡನೆ ಆಯ್ತು ಅಂದ್ರೆ ಯಾರೂ ಕೇಳಲ್ಲ. ಮಳೆ ಆಯ್ತು, ಮದುವೆ ಆಯ್ತು ಅಂದ ಹಾಗೆ. ಎಲ್ಲರ ಕೈಯೂ ಚೊಕ್ಕಟ."

ಆ ಕೆಲಸ ಬಿಟ್ಟು ದಬ್ಬಳ ಹಿಡಿದರಂತೆ. ಒಂದು ಕೈ ಸಾಕು ಅನ್ನುವ ಕಾನೂನು ಅದಕ್ಕೇ ಮಾಡಿದ್ದು ಅಂದರು. "ಅಲ್ಲಿ ಒಬ್ಬ ಕೈ ಎತ್ತಿ ಬೇಡ ಅಂದಿದ್ರೆ ನಿಲ್ತಿತ್ತು ಅಂತಲ್ಲ. ಆದ್ರೆ ಯಾರೂ ಎತ್ಲಿಲ್ಲ, ನಾನೂ ಎತ್ಲಿಲ್ಲ."

ಆ ಮಾತು ಕೇಳಿದ ಮೇಲೆ ಅವರ ಮೇಲಿದ್ದ ಪ್ರೀತಿಗೆ ಗೌರವವೂ ಸೇರಿತು. ಮನೆಗೆ ಹೋಗಿ ಹೆಂಡತಿಗೆ, "ನಮ್ಮ ಶೆಡ್ಡಿನಲ್ಲಿ ಒಬ್ಬ ಮನುಷ್ಯ ಇದ್ದಾನೆ ಕಣೇ" ಅಂದೆ. "ಉಳಿದೋರೇನು, ನನ್ನ ತಮ್ಮನೂ ಸೇರಿ, ದನಗಳಾ?" ಅಂದಳು.

ಇಷ್ಟು ಒಳ್ಳೆಯದು. ಇನ್ನು ಆ ಬಸ್ಸಿನ ಕತೆ.

ಹೆಚ್ಚುಕಮ್ಮಿ ಮುಗಿದಿದ್ದ ಒಂದು ಬಸ್ಸಿಗೆ ಕೊನೆಯ ತಗಡು ಹೊದಿಸುವಾಗ ಹಿಂಬದಿಯ ಕಂಬದ ಬುಡದಲ್ಲಿ ಬೆಸುಗೆ ಬಿರುಕು ಬಿಟ್ಟದ್ದು ನನಗೆ ಕಂಡಿತು. ವೆಲ್ಡರನನ್ನು ಕರೆದು ತೋರಿಸಿದೆ. ಅವನ ಮುಖ ಬೂದಿಯಾಯಿತು. ಹಿಂದೆ ಒಮ್ಮೆ ಹೀಗೇ ಆಗಿ, ಇನ್ನೊಂದು ಸಲ ಆದರೆ ಗೇಟಿನ ಹೊರಗೆ ಅಂತ ಸಾಹುಕಾರರು ಹೇಳಿದ್ದರು. ಊಟದ ಹೊತ್ತಿಗೆ ಎಲ್ಲ ಸೇರಿ ಮಾತಾಡಿದೆವು. ಭಾನುವಾರ ಸಾಹುಕಾರರು ಬರುವುದಿಲ್ಲ. ನಾವೇ ಬಂದು ಕಂಬ ಬಿಚ್ಚಿ ಹೊಸದಾಗಿ ಬೆಸೆಯೋಣ, ಸೋಮವಾರದ ಹೊತ್ತಿಗೆ ಎಲ್ಲ ಸರಿ. ಯಾರೂ ಬಾಯಿ ಬಿಡಬಾರದು. ಜಡ್ಜಣ್ಣನೂ ಹೂಂ ಅಂದರು.

ಶುಕ್ರವಾರ ಮಧ್ಯಾಹ್ನ ನಾನು ಸಾಹುಕಾರರ ಕೋಣೆಗೆ ಹೋಗಿ ಜಗಳವಾಡಿದೆ. ಚರ್ಮದ ಕೈಗವಸು ಕೊಡಿಸಿ ಅಂತ ವರ್ಷದಿಂದ ಕೇಳುತ್ತಿದ್ದೆ, ಆ ದಿನ ತಗಡು ಅಂಗೈ ಸೀಳಿತ್ತು. ರಕ್ತದ ಕೈಯನ್ನು ಅವರ ಮೇಜಿನ ಗಾಜಿನ ಮೇಲೇ ಇಟ್ಟೆ. ನನ್ನ ಗಂಟಲು ಶೆಡ್ಡಿನ ಆ ತುದಿಗೂ ಕೇಳಿತ್ತಂತೆ. ಸಂಜೆ ಹೊತ್ತಿಗೆ ಸಾಹುಕಾರರು ನೆಟ್ಟಗೆ ಆ ಕಂಬದ ಹತ್ತಿರ ಬಂದು, ಟಾರ್ಚು ಬಿಟ್ಟು ನೋಡಿ, ವೆಲ್ಡರನನ್ನು ಅಲ್ಲೇ ಕೆಲಸದಿಂದ ತೆಗೆದರು. ಅವನು ಕಂದು ಏಪ್ರನ್ ಬಿಚ್ಚಿ ಮಡಚಿ ಬೆಂಚಿನ ಮೇಲಿಟ್ಟು ಹೋದ. ಯಾರನ್ನೂ ತಿರುಗಿ ನೋಡಲಿಲ್ಲ.

ಯಾರು ಹೇಳಿದ್ದು ಅಂತ ಯಾರೂ ಕೇಳಲಿಲ್ಲ. ಕೋಣೆಗೆ ಹೋದವನು ನಾನು, ಕೂಗಾಡಿದವನು ನಾನು. ಸಿಟ್ಟಿನಲ್ಲಿ ಇವನ ಬಾಯಿಗೆ ಬೀಗ ಇರುವುದಿಲ್ಲ ಅಂತ ಎಲ್ಲರಿಗೂ ಗೊತ್ತು.

ಶನಿವಾರ ಕೋರ್ಟು ಕೂತಿತು. ಯಾರೂ ನಗಲಿಲ್ಲ. ಹಿಂಬದಿ ಬಾಗಿಲು ಕೂರಿಸುವ ಬಡಗಿ ನನ್ನ ಮೇಲೆ ಆರೋಪ ಹೇಳಿದ. ಜಡ್ಜಣ್ಣ ನೆಲ ನೋಡುತ್ತಾ, "ನಿಂಗೇನಾದ್ರೂ ಹೇಳೋದಿದ್ಯಾ?" ಅಂದರು.

"ನಾನು ಹೇಳಿಲ್ಲ" ಅಂದೆ. "ಕೈಗವಸು ಕೇಳೋಕೆ ಹೋಗಿದ್ದೆ. ಬಿರುಕು ಕಂಡಿದ್ದೇ ನನಗೆ, ಹೇಳೋದಾಗಿದ್ರೆ ಆವತ್ತೇ ಹೇಳ್ತಿರಲಿಲ್ವಾ?"

"ಭಾವ, ನಿಮಗೆ ಸಿಟ್ಟು ಬಂದ್ರೆ ಏನಂದ್ರಿ ಅಂತ ನಿಮಗೇ ನೆನಪಿರಲ್ಲ" ಅಂದ ನನ್ನ ಬಾಮೈದ. ಮೆತ್ತಗೆ ಅಂದ. ಅದೇ ನೋಡಿ ಉರಿದದ್ದು. ಕೈಲಿದ್ದ ಡಬ್ಬಿ ಗೋಡೆಗೆ ಎಸೆದೆ. ಅಲ್ಲಿಗೆ ಅವರಿಗೆಲ್ಲ ಸಾಕ್ಷಿ ಸಿಕ್ಕಿತು.

ಜಡ್ಜಣ್ಣ ಬಹಳ ಹೊತ್ತು ದಾರಕ್ಕೆ ಮೇಣ ಉಜ್ಜಿದರು. ಆಮೇಲೆ, "ಕೋರ್ಟಿನ ತೀರ್ಮಾನ, ಮರಣದಂಡನೆ" ಅಂದರು. ಕೋರ್ಟಿನ ತೀರ್ಮಾನ ಅಂದರೇ ಹೊರತು ನನ್ನದು ಅನ್ನಲಿಲ್ಲ. ಆಗ ನಾನು ಅದನ್ನು ಗಮನಿಸಿರಲಿಲ್ಲ.

ನನಗೆ ಅಷ್ಟೇನೂ ಭಯವಾಗಲಿಲ್ಲ. ಕೈ ಏಳುತ್ತದೆ ಅಂತ ಗೊತ್ತಿತ್ತು. ಯಾರೂ ಇಲ್ಲದಿದ್ದರೂ ಬಾಮೈದ ಇದ್ದಾನೆ, ಅವನ ಅಕ್ಕನ ಕೈಯಡಿಗೆ ಉಂಡವನು. ಸೋಮವಾರ ಊಟವಾದ ಮೇಲೆ ಎಲ್ಲರೂ ಮೊಳೆಗಳ ಮುಂದೆ ನಿಂತರು. ಜಡ್ಜಣ್ಣ, "ಕ್ಷಮಾದಾನ ಯಾರಾದ್ರೂ ಕೇಳ್ತೀರಾ?" ಅಂದರು. ನಾನು ಬಾಮೈದನ ಕೈ ನೋಡಿದೆ. ಬೆರಳಿಗೆ ಅಂಟಿದ್ದ ಹಳದಿ ಬಣ್ಣವನ್ನು ಇನ್ನೊಂದು ಕೈಯ ಉಗುರಿನಿಂದ ಕೆರೆಯುತ್ತಿದ್ದ, ಆ ಬಣ್ಣ ಪೂರ್ತಿ ಹೋಗುವ ತನಕ ತಲೆ ಎತ್ತಲಾರೆ ಅನ್ನುವ ಹಾಗೆ. ವೆಲ್ಡರು ಅವನ ಜೀವದ ಗೆಳೆಯ. ಬಡಗಿ ನನ್ನ ಏಪ್ರನ್ ತೆಗೆದು ಸ್ಟೂಲು ಹತ್ತಿದ. ಎತ್ತರದ ಮೊಳೆಯ ಧೂಳು ಉದುರಿತು.

ಆ ವಾರ ನಾನು ಸತ್ತವನ ಹಾಗೆ ಕೆಲಸ ಮಾಡಿದೆ. ಎದೆಯ ಮೇಲೆ ಏಪ್ರನ್ ಇಲ್ಲ, ತಗಡಿನ ಅಂಚು ಅಂಗಿಯನ್ನೆಲ್ಲ ಹರಿಯಿತು. ಉದ್ದನೆಯ ತಗಡು ಒಬ್ಬನೇ ಎತ್ತಲು ಹೋಗಿ ನಡುವಿನಲ್ಲಿ ಮಡಚಿಹೋಯಿತು. ಪಕ್ಕದಲ್ಲೇ ಜನ ಹೋಗುತ್ತಾರೆ, ಬರುತ್ತಾರೆ, ಯಾರ ಕಣ್ಣಿಗೂ ನಾನಿಲ್ಲ. ಸಂಬಳ ಬರುತ್ತಿತ್ತಲ್ಲ, ಅಷ್ಟಕ್ಕೆ ಏನು ಅಂತ ನೀವು ಕೇಳಬಹುದು. ಎಚ್ಚರವಿರುವ ಹೊತ್ತೆಲ್ಲ ನಾನಿದ್ದದ್ದು ಆ ಶೆಡ್ಡಿನಲ್ಲಿ. ಅಲ್ಲಿ ನನ್ನ ಮಾತಿಗೆ ಬೆಲೆಯಿಲ್ಲ ಅಂದರೆ ನನಗೆ ಬೇರೆಲ್ಲಿ ಇತ್ತು?

ಹೆಂಡತಿ ತಮ್ಮನಿಗೆ ಶಾಪ ಹಾಕಲಿಲ್ಲ. "ಬಸ್ಸುದ್ದಕ್ಕೂ ಬ್ರಷ್ ಎತ್ತೋ ಕೈ, ಆವತ್ತು ಎಷ್ಟು ಭಾರ ಆಯ್ತೋ" ಅಂದಳು ಅಷ್ಟೇ. ಆಮೇಲೆ ನನ್ನ ಅಂಗಿಗೆ ಒಳಗಿನಿಂದ ಗೋಣಿಯ ತುಂಡು ಹೊಲಿದುಕೊಟ್ಟಳು.

ಕೊನೆಗೆ ಕೆಲಸ ಬಿಡುತ್ತೇನೆ ಅಂತ ಹೇಳಲು ಸಾಹುಕಾರರ ಕೋಣೆಗೆ ಹೋದೆ. ಅವರು ಆಶ್ಚರ್ಯಪಟ್ಟರು. "ನೀನ್ಯಾಕಯ್ಯ ಬಿಡ್ತೀಯ? ಕೈಗವಸು ತರಿಸಿದೀನಿ ನೋಡು. ವೆಲ್ಡರನ ಮೇಲೆ ಕನಿಕರಾನಾ? ಆ ಬಸ್ಸು ಶನಿವಾರ ಬೆಳಿಗ್ಗೇನೇ ಬೇಕು ಅಂತ ಬಸ್ಸಿನ ಓನರ್ರು ಫೋನ್ ಮಾಡಿದ್ರು, ನಾನು ಹೂಂ ಅಂದುಬಿಟ್ಟಿದ್ದೆ. ಇವತ್ತೇ ಸೀಟು ಮುಗಿಸು ಅಂತ ಹೇಳಿಕಳಿಸಿದಾಗ ಸೀಟಿನ ಮುದುಕ ಬಂದು ಹೇಳದೇ ಇದ್ದಿದ್ರೆ ಆ ಬಿರುಕಿನ ಸಮೇತ ರೋಡಿಗೆ ಹೋಗ್ತಿತ್ತು. ಜನ ಕೂರೋ ಗಾಡಿ ಅಲ್ವೇನಯ್ಯ."

ನಾನು ಕುರ್ಚಿ ಹಿಡಿದುಕೊಂಡೆ. ಸೀಟಿನ ಮುದುಕ ಶೆಡ್ಡಿನಲ್ಲಿ ಒಬ್ಬನೇ.

ಇನ್ನು ಮುಂದೆ 'ಅವರು' ಅಂತ ಬರೆಯಲು ನನಗೆ ಕೈ ಬರುತ್ತಿಲ್ಲ.

ಹೇಳಿದ್ದು ತಪ್ಪು ಅಂತ ನಾನು ಇವತ್ತಿಗೂ ಅನ್ನುವುದಿಲ್ಲ. ಬಸ್ಸು ಬೆಳಿಗ್ಗೆ ಹೊರಡುತ್ತದೆ ಅಂತ ತಿಳಿದಿದ್ದರೆ ನಾನೂ ಹೇಳುತ್ತಿದ್ದೆ. ಅವನು ಹೇಳಿ, ಊಟದ ಹೊತ್ತಿಗೆ ಬಂದು, "ನಾನೇ ಹೇಳಿದ್ದು, ಹೀಗೀಗೆ" ಅಂದಿದ್ದರೆ ನಾನೇ ಮೊದಲು ಕೈ ಎತ್ತುತ್ತಿದ್ದೆ. ಅದು ಬಿಟ್ಟು ನನ್ನ ಮುಖದ ಎದುರು ಕೂತು, ದಾರಕ್ಕೆ ಮೇಣ ಉಜ್ಜಿ, ಕೋರ್ಟಿನ ತೀರ್ಮಾನ ಅಂದನಲ್ಲ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇನ್ನೇನು?

ಆ ದಿನ ಊಟದ ಹೊತ್ತಿಗೆ ಯಾರೂ ಕರೆಯದಿದ್ದರೂ ನಾನು ಬೆಂಚಿನ ಹತ್ತಿರ ಹೋಗಿ ನಿಂತೆ. ಸತ್ತವನು ಬಂದ ಹಾಗೆ ಎಲ್ಲರೂ ತುತ್ತು ನಿಲ್ಲಿಸಿದರು. ನಾನು ಕೂಗಲಿಲ್ಲ. ಕೂಗಿದರೆ ಮತ್ತೆ ಅದೇ ಸಾಕ್ಷಿಯಾಗುತ್ತದೆ ಅಂತ ಹಲ್ಲು ಕಚ್ಚಿಕೊಂಡೆ. "ಜಡ್ಜಣ್ಣ," ಅಂದೆ, "ನಿಮಗೇನಾದ್ರೂ ಹೇಳೋದಿದ್ಯಾ?"

ಅವನು ನನ್ನನ್ನು ನೋಡಿದ. ನನಗೆ ಗೊತ್ತಾಗಿದೆ ಅಂತ ಅವನಿಗೆ ಗೊತ್ತಾಯಿತು. ಕನ್ನಡಕದ ದಾರ ಸರಿಮಾಡಿಕೊಂಡ. ಬಾಯಿ ಒಂದಿಷ್ಟು ತೆರೆಯಿತು. ಸುತ್ತ ಕೂತವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದ, ಆಮೇಲೆ ಎತ್ತರದ ಮೊಳೆ ನೋಡಿದ.

"ಇಲ್ಲ" ಅಂದ.

ಆಗ ನಾನೇ ಹೇಳಿದೆ, ಸಾಹುಕಾರರು ಹೇಳಿದ್ದನ್ನು ಇದ್ದದ್ದು ಇದ್ದ ಹಾಗೆ. ಬಡಗಿ ಎದ್ದು ನಿಂತ. "ನಿನ್ನ ಪಾಪ ಈ ಮುದುಕನ ತಲೆಗೆ ಕಟ್ತೀಯಾ? ಥೂ, ನಾಚಿಕೆ ಆಗಲ್ವಾ?"

"ಸಾಹುಕಾರ್ರು ಒಳಗೇ ಇದಾರೆ. ಹೋಗಿ ಕೇಳು" ಅಂದೆ.

ಕೋಣೆಯ ಬಾಗಿಲು ಅಲ್ಲೇ ಇತ್ತು. ಒಬ್ಬನೂ ಏಳಲಿಲ್ಲ. ಕೇಳಿದರೆ ಉತ್ತರ ಸಿಕ್ಕಿಬಿಡುತ್ತದೆ ಅನ್ನುವ ಹೆದರಿಕೆ. ಬಾಮೈದ, "ಭಾವ, ಮನೆಗೆ ಹೋಗಿ" ಅಂದ. ಸುತ್ತಿಗೆ, ಕತ್ತರಿ ಚೀಲಕ್ಕೆ ಹಾಕಿಕೊಂಡು ಹೊರಟೆ. ಏಪ್ರನ್ ಅಲ್ಲೇ ಮೇಲಿತ್ತು.

ಈಗ ನನ್ನದೇ ಒಂದು ತಗಡಿನ ಅಂಗಡಿ, ರಸ್ತೆಯ ತಿರುವಿನಲ್ಲಿ. ಟ್ರಂಕು, ಬಕೆಟ್ಟು, ನೀರಿನ ಡ್ರಮ್ಮು, ಮಾಡಿನ ಮಳೆನೀರು ಹರಿಯುವ ದೋಣಿ. ಕೂಲಿ ಕಮ್ಮಿ, ಜಗಳಕ್ಕೆ ಯಾರೂ ಇಲ್ಲ. ಅಂಗಡಿ ಹಾಕಿ ಕೆಲವು ವರ್ಷವಾದ ಮೇಲೆ ಒಂದು ಮಧ್ಯಾಹ್ನ ಅವನು ಬಂದ, ಹಳೇ ಟ್ರಂಕೊಂದನ್ನು ಹೊತ್ತುಕೊಂಡು. ತಳ ತುಕ್ಕು ತಿಂದಿತ್ತು. ಗಿರಾಕಿಗೆ ಹೇಳುವ ಹಾಗೆ, "ಕೂತ್ಕೊಳ್ಳಿ" ಅಂದೆ. ಕೂತ. ತೀರಾ ಇಳಿದುಹೋಗಿದ್ದ, ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು. ನಾನು ಹಳೇ ತಳ ಕತ್ತರಿಸಿ ಹೊಸ ತಗಡು ಅಳೆದೆ. ರಿವೆಟ್ ಹೊಡೆಯಲು ಶುರುಮಾಡಿದಾಗ ಓರೆಗಣ್ಣಿಗೆ ಏನೋ ಕಂಡಿತು.

ಅವನು ಬಲಗೈ ಎತ್ತಿ ಹಿಡಿದು ಕೂತಿದ್ದ. ಬಸ್ಸು ನಿಲ್ಲಿಸುವವನ ಹಾಗಲ್ಲ, ನೆಟ್ಟಗೆ, ಶೆಡ್ಡಿನಲ್ಲಿ ನಾವೆಲ್ಲ ಎತ್ತುತ್ತಿದ್ದ ಹಾಗೆ.

"ಏನದು?" ಅಂದೆ.

"ಕ್ಷಮಾದಾನ" ಅಂದ. "ನಾನು ಕೇಳ್ತಿದೀನಿ, ನಿನ್ನ ಪರವಾಗಿ."

ನಾನು ಸುತ್ತಿಗೆ ಕೆಳಗಿಟ್ಟೆ, ಕೈಯಲ್ಲಿರುವುದು ಒಳ್ಳೆಯದಲ್ಲ ಅಂತ. "ಕೈ ಇಳಿಸಿ ಯಜಮಾನ್ರೇ. ಕ್ಷಮೆ ಅನ್ನೋದು ತಪ್ಪು ಮಾಡಿದವನಿಗೆ. ಕ್ಷಮಿಸಿದೆವು ಅಂದ್ರೆ ಅವನೇ ಮಾಡಿದ್ದು ಅಂತ ಇನ್ನೊಂದು ಸಲ ಹೇಳಿದ ಹಾಗೆ. ಜೈಲಲ್ಲಿ ಅಷ್ಟು ವರ್ಷ ಕೂತೋರಿಗೆ ಇದು ನಾನು ಹೇಳ್ಕೊಡಬೇಕಾ? ನನಗೆ ಬೇಕಾಗಿರೋದು ಒಂದೇ ಮಾತು, ನಾನೇ ಹೇಳಿದ್ದು ಅಂತ. ಇಲ್ಲಲ್ಲ, ಆ ಬೆಂಚಿನ ಮುಂದೆ ಹೇಳಿ."

"ನಂಗೆ ಇನ್ನೆಲ್ಲಿ ಜಾಗ ಇದೆಯಪ್ಪ" ಅಂದ. "ಮನೇಲಿ ಯಾರಿದಾರೆ? ಅವರೂ ಮಾತು ಬಿಟ್ರೆ?"

"ನನಗೆ ಎಲ್ಲಿತ್ತು?"

ಅವನು ಕೈ ಇಳಿಸಿದ. ಆ ಕೈಯನ್ನೇ ಸ್ವಲ್ಪ ಹೊತ್ತು ಮಡಿಲಲ್ಲಿಟ್ಟುಕೊಂಡು ನೋಡಿದ, ಬೇರೆಯವರದು ಅನ್ನುವ ಹಾಗೆ. "ಆಗಲಿ, ಹೇಳ್ತೀನಿ" ಅಂದ. ನಾನು ಟ್ರಂಕಿನ ತಳ ಮುಗಿಸಿಕೊಟ್ಟೆ. ಗಟ್ಟಿಯಾಗಿಯೇ ಮಾಡಿದೆ, ಅದರಲ್ಲಿ ಸಿಟ್ಟು ತೋರಿಸಲಿಲ್ಲ. ಹೊತ್ತುಕೊಂಡು ಹೋದ. ಹೇಳುತ್ತಾನೆ ಅಂತ ನಂಬಿದೆ. ನಂಬಿಕೆ ಅನ್ನೋದು ನಾಯಿ ಬಾಲ, ನನ್ನ ಜಾತಕದಲ್ಲಿ ನೆಟ್ಟಗಾಗುವುದೇ ಇಲ್ಲ.

ಅವನು ಸತ್ತ ಸುದ್ದಿ ಹೆಂಡತಿಯಿಂದ ತಿಳಿಯಿತು. ನಾನು ಹೋಗಲಿಲ್ಲ. ಕೆಲವು ದಿನ ಬಿಟ್ಟು ಬಾಮೈದ ಅಂಗಡಿಗೆ ಬಂದ. ಕೈಯಲ್ಲಿ ಒಗೆದು ಮಡಚಿದ ಕಡು ಹಸಿರು ರೆಕ್ಸಿನ್. ಮಡಿಕೆಯಲ್ಲಿ ಬಿಳಿ ಗೆರೆ ಬಿದ್ದಿತ್ತು.

"ಭಾವ, ತಗೊಳ್ಳಿ. ಜಡ್ಜಣ್ಣ ಹೋಗೋ ಮುಂಚೆ ಶೆಡ್ಡಿಗೆ ಬಂದಿದ್ರು. ಎಲ್ಲರ ಮುಂದೆ ನಿಂತು ನಿಮ್ಮ ವಿಷಯ ಎತ್ತಿದ್ರು."

"ಏನಂದ್ರು?"

"ನಿಮ್ಮನ್ನ ಕ್ಷಮಿಸಿದೀನಿ ಅಂದ್ರು. ಇನ್ನು ಅವನ ಮೇಲೆ ಯಾರಿಗೂ ಸಿಟ್ಟು ಬೇಡ, ಏಪ್ರನ್ ಇಳಿಸಿ ಅಂದ್ರು. ಹೇಳ್ತಾ ಅತ್ತುಬಿಟ್ರು, ನಮಗೂ ಕಣ್ಣಲ್ಲಿ ನೀರು." ಬಾಮೈದ ಕಣ್ಣು ಒರೆಸಿಕೊಂಡ. "ಎಂಥ ಮನಸ್ಸು ಭಾವ ಅವರದು. ನೀವು ಅವ್ರ ಮೇಲೆ ಅಷ್ಟು ಹೇಳಿದ್ರೂ."

ನನಗೆ ಬೈಯಲು ಬರುತ್ತದೆ, ಎಲ್ಲರಿಗೂ ಗೊತ್ತು. ಆ ದಿನ ಏಪ್ರನ್ ತೆಗೆದುಕೊಂಡು, "ಅಕ್ಕನ್ನ ಮಾತಾಡ್ಸಿಕೊಂಡು ಹೋಗು" ಅಂದೆ. ಹೋದ.

ಅಂಗಡಿಯಲ್ಲಿ ಅಚ್ಚುಗಳನ್ನು ತೂಗುಹಾಕಲು ಗೋಡೆಗೆ ಮೊಳೆಗಳಿವೆ. ಅವುಗಳಿಗಿಂತ ಮೇಲೆ, ಕೈಗೆ ಎಟುಕದಷ್ಟು ಎತ್ತರಕ್ಕೆ ಹೊಸದೊಂದು ಹೊಡೆದೆ. ಸ್ಟೂಲು ಹತ್ತಿ ಆ ಏಪ್ರನ್ ಅಲ್ಲಿಗೆ ಏರಿಸಿದೆ. ಗಿರಾಕಿಗಳು ಯಾರದು ಅಂತ ಕೇಳುತ್ತಾರೆ. ಜಡ್ಜಣ್ಣನದು ಅನ್ನುತ್ತೇನೆ.

ಒಂದು ಕೈ ಎದ್ದರೆ ಸಾಕು ಅನ್ನೋದು ಅವನದೇ ಕಾನೂನು. ಈ ಅಂಗಡಿಯಲ್ಲಿರುವುದು ನನ್ನ ಕೈ ಮಾತ್ರ. ಅದಕ್ಕೆ ದಿನವಿಡೀ ತಗಡಿನ ಕೆಲಸ ಇದೆ.